ಮಲಗಿಸಬಾರದ ಗೊಂಬೆ

“ಅಯ್ಯೋ, ಗೊಂಬೆಗಳನ್ನ ಮಲಗಿಸ್ಬಿಟ್ಟಿದೀಯಲ್ಲೇ!” ಅಜ್ಜಿ ಬಾಗಿಲಲ್ಲೇ ನಿಂತು ಕೂಗಿದರು.

“ಮಲಗಿಲ್ಲ ಅಜ್ಜಿ, ಸತ್ತಿದಾರೆ,” ಎಂದಳು ಅಲಮೇಲು, ಕುಂಕುಮ ಮೆತ್ತಿದ ಬೆರಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತ. “ಇದು ಬಾರ್ಡರ್. ಫೈಟಿಂಗ್ ನಡೀತಿದೆ.”

ಜಯನಗರದ ಆ ಬೀದಿಯಲ್ಲಿ ಎಲ್ಲರೂ ದಸರಾ ಗೊಂಬೆ ಕೂರಿಸಿದ್ದರು. ಎಲ್ಲರ ಮನೆಯಲ್ಲೂ ಅದೇ ಪಟ್ಟದ ರಾಜ ರಾಣಿ, ಅದೇ ಶೆಟ್ಟರ ಅಂಗಡಿ. ಅಲಮೇಲುವಿಗೆ ಹೊಸದೇನಾದರೂ ಮಾಡಬೇಕಿತ್ತು. ಪಾಕಿಸ್ತಾನದ ಜೊತೆಗಿನ ಯುದ್ಧ ಆಗಷ್ಟೇ ನಿಂತಿತ್ತು. ರೇಡಿಯೋದಲ್ಲಿ ಕೇಳಿದ್ದೆಲ್ಲ ಅವಳ ತಲೆಯಲ್ಲಿತ್ತು. ಕೆಳಗಿನ ಮೆಟ್ಟಿಲಿಗೆ ಮರಳು ಸುರಿದು, ಚನ್ನಪಟ್ಟಣದ ಮರದ ಸಿಪಾಯಿಗಳನ್ನು ಎರಡು ಗುಂಪು ಮಾಡಿದಳು. ಶತ್ರುಗಳ ಕುತ್ತಿಗೆಗೆ ಕಪ್ಪು ದಾರ ಕಟ್ಟಿ, ಬಿದ್ದವರಿಗೆ ರಕ್ತದಂತೆ ಕುಂಕುಮ ಮೆತ್ತಿದಳು.

“ಹತ್ತನೇ ದಿನ ಆರತಿ ಆದ್ಮೇಲೇ ಗೊಂಬೆ ಮಲಗಿಸೋದು. ನಡುವೆ ಮಲಗಿಸಬಾರದು ಕಣೇ,” ಎಂದರು ಅಜ್ಜಿ. ಹೇಳಿದ ಮಾತು ಕೇಳಿದರೆ ಅವಳು ಅಲಮೇಲುವೇ ಅಲ್ಲ.

ಸಂಜೆ ಎದುರುಮನೆಯ ಸತ್ಯಭಾಮಾ ಮಾಮಿ ಗೊಂಬೆ ನೋಡಲು ಬಂದರು. ಅವರ ಮಗ ತಿರುಮಲೇಶ ಮಿಲಿಟರಿಯಲ್ಲಿದ್ದ. ಅಲಮೇಲುವಿಗೆ ಸೈಕಲ್ ಕಲಿಸಿದವನು ಅವನೇ. ಯುದ್ಧ ನಿಂತರೂ ಅವನ ಸುದ್ದಿಯಿರಲಿಲ್ಲ. ಮಾಮಿ ದಿನವೂ ಹೊಸ್ತಿಲಲ್ಲಿ ಕೂತು ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದರು.

ಮರಳನ್ನು ಕಂಡು ಮಾಮಿಯ ಮುಖ ಸಪ್ಪಗಾಯಿತು. ಮೆಲ್ಲಗೆ ಕೂತು, ಬಿದ್ದವರನ್ನು ಒಬ್ಬೊಬ್ಬರಾಗಿ ಎತ್ತಿ, ಸೆರಗಿನಿಂದ ಕುಂಕುಮ ಒರೆಸಿ ನಿಲ್ಲಿಸತೊಡಗಿದರು.

“ಮಾಮಿ, ಅವನು ಆ ಕಡೆಯವನು!”

“ಅವನಿಗೂ ಅಮ್ಮ ಇರ್ತಾಳಲ್ಲೇ. ಅವಳೂ ಬಾಗಿಲು ಕಾಯ್ತಿರ್ತಾಳೆ.”

“ಮತ್ತೆ ಅವರೇ ಜಗಳಕ್ಕೆ ಬಂದ್ರೆ?”

“ಈಗ ಮಾತಾಡಿಯೇ ಅಲ್ವೇ ನಿಲ್ಸಿದ್ದು? ಆ ಮಾತನ್ನ ಮೊದಲೇ ಆಡಿದ್ರೆ ಯಾರ ಗಂಟು ಹೋಗ್ತಿತ್ತು?” ಮಾಮಿ ಇನ್ನೊಬ್ಬನನ್ನು ಎತ್ತಿ ನಿಲ್ಲಿಸಿದರು.

ಅವರು ಹೋದಮೇಲೆ ಅಲಮೇಲು ಮರಳನ್ನೆಲ್ಲ ಬಳಿದು ಹಾಕಿದಳು. ಕಪ್ಪು ದಾರ ಬಿಚ್ಚಿ, ಸಿಪಾಯಿಗಳನ್ನೆಲ್ಲ ಶೆಟ್ಟರ ಅಂಗಡಿಯ ಮುಂದೆ ಒಟ್ಟಿಗೆ ನಿಲ್ಲಿಸಿದಳು. ಇನ್ನು ತಿರುಮಲೇಶಣ್ಣನಿಗೆ ಏನೂ ಆಗುವುದಿಲ್ಲ ಎಂದು ಅವಳಿಗೆ ಧೈರ್ಯ ಬಂತು. ದಿನಾ ಬೆಳಿಗ್ಗೆ ಎದ್ದವಳೇ ಯಾರೂ ಬಿದ್ದಿಲ್ಲ ತಾನೇ ಎಂದು ನೋಡುತ್ತಿದ್ದಳು.

ಆಯುಧಪೂಜೆಯ ದಿನ ಎದುರುಮನೆಗೆ ಟೆಲಿಗ್ರಾಂ ಬಂತು. ಯುದ್ಧ ನಿಲ್ಲುವ ಹಿಂದಿನ ದಿನವೇ ತಿರುಮಲೇಶ ತೀರಿಕೊಂಡಿದ್ದ. ಅಲಮೇಲು ಗೊಂಬೆ ಕೂರಿಸುವಾಗಲೇ ಅವನಿರಲಿಲ್ಲ. ಮಾಮಿಯ ಅಳು ಬೀದಿಗೆಲ್ಲ ಕೇಳಿಸಿತು. ಅಲಮೇಲು ಕಿವಿ ಮುಚ್ಚಿಕೊಂಡಳು, ಆದರೂ ಕೇಳಿಸಿತು.

ಮಾರನೆಯ ಸಂಜೆ ಅಜ್ಜಿ ಕಣ್ಣೊರೆಸಿಕೊಂಡೇ ಆರತಿ ಎತ್ತಿದರು. “ಒಂದು ಗೊಂಬೆ ಮಲಗಿಸಮ್ಮ. ಶಾಸ್ತ್ರ.”

ಅಲಮೇಲು ಕೈಗೆ ಸಿಕ್ಕ ಸಿಪಾಯಿಯನ್ನು ಎತ್ತಿಕೊಂಡಳು. ಮಲಗಿಸಲು ಕೈ ಬರಲಿಲ್ಲ.

“ಮಲಗಿಸೇ. ಬರೋ ವರ್ಷ ಮತ್ತೆ ಎಬ್ಬಿಸ್ತೀವಲ್ಲ?”

ಅಲಮೇಲು ಕಿಟಕಿಯಾಚೆ ನೋಡಿದಳು. ಎದುರುಮನೆಯ ಹೊಸ್ತಿಲು ಖಾಲಿಯಾಗಿತ್ತು. ಮಾಮಿ ಇನ್ನು ಪೋಸ್ಟ್‌ಮ್ಯಾನ್ ದಾರಿ ಕಾಯಬೇಕಾಗಿರಲಿಲ್ಲ.

ಅವಳು ಸಿಪಾಯಿಯನ್ನು ತಿರುಗಿಸಿ ಕುತ್ತಿಗೆಯನ್ನು ನೋಡಿದಳು. ಇವನು ಯಾವ ಕಡೆಯವನಾಗಿದ್ದ? ನೆನಪಾಗಲಿಲ್ಲ. ಅವನನ್ನು ಎದೆಗೆ ಅವಚಿಕೊಂಡು, ಮಲಗಿಸದೆ ಹಾಗೇ ನಿಂತಳು.