ಯಾರೂ ಬೈಯದ ಭಾಷೆ

ಕಿವಿಯ ಹಿಂದೆ ಸೀಮೆಸುಣ್ಣ ಮೆತ್ತಿಕೊಂಡಿದೆ ಎಂದು ಗೊತ್ತಾದ ಮೇಲೂ ಒರೆಸಿಕೊಳ್ಳುವ ಹಾಗಿಲ್ಲ. ಟೀಚರ್‌ಗೆ ಅಂದು ಬಂದ ಕಷ್ಟ ಅಂಥದ್ದು.

"ನಿಮ್ಮ ಟೀಚರ್ ಕಿವಿ ಹಿಂದೆ ನೋಡ್ರೋ," ಎಂದಿದ್ದ ಬಾಗಿಲಲ್ಲಿ ಬಂದು ನಿಂತ ಗಂಡಸು, ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು. "ಬರೋ ದಾರೀಲಿ ಗೋಡೆಗೆ ಸುಣ್ಣ ಹೊಡೆದು ಬಂದ್ರೇನೋ."

ಎಂಟು ವರ್ಷದ ಪಟಾಕಿ ಕಿಸಕ್ಕನೆ ನಕ್ಕ. ಆರು ವರ್ಷದ ಅವನ ತಂಗಿ ಚುಕ್ಕಿ ನಗಲಿಲ್ಲ. ಅರ್ಥವಾಯಿತೋ ಇಲ್ಲವೋ ಎಂದು ಪರೀಕ್ಷೆ ಮಾಡುವವಳ ಹಾಗೆ ಟೀಚರ್ ಮುಖವನ್ನೇ ನೋಡಿದಳು. ಟೀಚರ್ ಪಿಳಿಪಿಳಿ ಕಣ್ಣು ಬಿಟ್ಟು, ಅಳತೆ ಟೇಪನ್ನು ಮೇಜಿನ ಉದ್ದಕ್ಕೂ ಎಳೆದು, ಸ್ಪ್ಯಾನಿಷ್‌ನಲ್ಲಿ ಎಣಿಸುತ್ತಾ ಹೋದಳು. ಉನೊ, ದೋಸ್, ತ್ರೇಸ್. ಕಿವಿಯ ಹಿಂದೆ ಹತ್ತಿಕೊಂಡ ತುರಿಕೆ ಪಾಠ ಮುಗಿಯುವವರೆಗೂ ಬಿಡಲಿಲ್ಲ.

ಕಾರಣ ಇಷ್ಟೇ. ಆ ಮನೆಯಲ್ಲಿ ಅವಳಿಗೆ ಮನೆಮಾತು ಬರುವುದಿಲ್ಲ. ಅಂದರೆ, ಬರುವುದಿಲ್ಲ ಎಂದು ಒಪ್ಪಂದ. ಅವಳು ಹುಟ್ಟಿದ್ದು, ಅತ್ತಿದ್ದು, ಜಗಳವಾಡಿದ್ದು ಎಲ್ಲವೂ ಇದೇ ಮಾತಿನಲ್ಲಿ, ಇದೇ ಊರಿನ ಇನ್ನೊಂದು ತುದಿಯಲ್ಲಿ. ಆದರೆ ಟೀಚರ್‌ಗೆ ನಮ್ಮ ಮಾತು ತಿಳಿಯುತ್ತದೆ ಎಂದು ಗೊತ್ತಾದ ಮರುಗಳಿಗೆಯೇ ಮಕ್ಕಳು ಹೊಸ ಭಾಷೆಯನ್ನು ಮೂಲೆಗೆ ಎಸೆಯುತ್ತಾರೆ. ಬೇರೆ ದಾರಿಯಿಲ್ಲ ಎಂದಾಗಲೇ ನೀರಿಗೆ 'ಆಗ್ವಾ' ಎಂಬ ಮಾತು ನಾಲಿಗೆಗೆ ಬರುವುದು. ಹೀಗೆ ಕಲಿಸುವುದು ಅವಳ ಪದ್ಧತಿ. ಗುಟ್ಟು ಗೊತ್ತಿದ್ದದ್ದು ಮಕ್ಕಳ ಅಮ್ಮನಿಗೆ ಮಾತ್ರ.

ಅಮ್ಮ ಟೈಲರ್. ಮಕ್ಕಳು ಹೋಗುತ್ತಿದ್ದ ಶಾಲೆಗೆ ಯೂನಿಫಾರಂ ಹೊಲಿಯುತ್ತಿದ್ದವಳೂ ಅವಳೇ. ಕ್ಲಾಸಿನಲ್ಲಿ ಮನೆಮಾತು ಆಡಿದಳೆಂದು ಒಂದು ದಿನ ಚುಕ್ಕಿಯ ಬಾಯಿಗೆ ಟೇಪು ಅಂಟಿಸಿ, ಒಂದಿಡೀ ಪೀರಿಯಡ್ಡು ಕಾರಿಡಾರಿನಲ್ಲಿ ನಿಲ್ಲಿಸಿದರು. ಹೋಗಿಬರುತ್ತಿದ್ದ ದೊಡ್ಡವರಲ್ಲಿ ಒಬ್ಬರೂ ನಿಂತು ಅದನ್ನು ಬಿಡಿಸಲಿಲ್ಲ. ಶಿಸ್ತು ಎಂದು ಹೆಸರಿಟ್ಟುಬಿಟ್ಟರೆ ಎಂಥ ಹೊಲಸೂ ಇಸ್ತ್ರಿ ಹಾಕಿಕೊಂಡು ಓಡಾಡುತ್ತದೆ. ಮರುದಿನವೇ ಅಮ್ಮ ಇಬ್ಬರನ್ನೂ ಬಿಡಿಸಿಕೊಂಡು ಬಂದಳು. ಅರ್ಧ ಹೊಲಿದಿದ್ದ ಮೂವತ್ತು ಅಂಗಿಗಳನ್ನು ತೋಳೇ ಇಲ್ಲದೆ ವಾಪಸು ಕಳಿಸಿದಳು.

ಅಂದಿನಿಂದ ಚುಕ್ಕಿ ಹೊರಗಿನವರ ಎದುರು ತುಟಿ ಬಿಚ್ಚಿರಲಿಲ್ಲ. ಅಮ್ಮ, ಅಣ್ಣ, ಮಾವ, ಈ ಮೂವರ ಕಿವಿಯಲ್ಲಿ ಒಂದಿಷ್ಟು ಪಿಸುಮಾತು, ಅಷ್ಟೇ.

"ನನ್ನ ಮಗಳನ್ನ ಇಲ್ಲೀವರೆಗೆ ಯಾರೂ ಬೈಯದೇ ಇರೋ ಭಾಷೆ ಒಂದು ಬೇಕು ಕಣೇ," ಎಂದು ಅಮ್ಮ ಬಂದು ಕೇಳಿದ್ದಳು. ಇಬ್ಬರೂ ಭಾನುವಾರದ ಓದುವ ಬಳಗದ ಗೆಳತಿಯರು. "ನಿನ್ನ ಹತ್ರ ಇದೆಯಾ?"

ಟೀಚರ್ ಬಳಿ ಇತ್ತು.

ಐದನೆಯ ವಾರ ಪಟಾಕಿ ತಂಗಿಯ ಕೈಯಿಂದ ಒಂದು ಕೆಂಪು ಗುಂಡಿ ಕಿತ್ತುಕೊಂಡ. ಚುಕ್ಕಿ ಎದ್ದು ನಿಂತು, ಟೀಚರ್ ಎದುರಿಗೇ, ಗಟ್ಟಿಯಾಗಿ, "ಮೀಯೋ," ಎಂದಳು. ನನ್ನದು. ಯಾವ ಹೋರಾಟವಾದರೂ ಶುರುವಾಗುವುದು ಆ ಒಂದು ಪದದಿಂದಲೇ. ಬಾಗಿಲ ಮರೆಯಲ್ಲಿದ್ದ ಅಮ್ಮ ಹೊಲಿಗೆ ಯಂತ್ರದ ಮೇಲೆ ಕೈ ಊರಿ ಅಲ್ಲೇ ಕೂತಳು. ಟೀಚರ್ ಗುಂಡಿಯನ್ನು ಚುಕ್ಕಿಯ ಕೈಗೆ ವಾಪಸು ಇಟ್ಟಳು. ಇನ್ನು ಏನೇ ಆದರೂ ಈ ವೇಷ ಕಳಚಬಾರದು ಎಂದುಕೊಂಡಳು.

ಇಷ್ಟರ ನಡುವೆ ಆ ಹೆಲ್ಮೆಟ್ಟಿನ ಮಾವ.

ಅಮ್ಮನ ತಮ್ಮ, ಲಿಫ್ಟ್ ಮೆಕ್ಯಾನಿಕ್. ಮಧ್ಯಾಹ್ನ ಊಟಕ್ಕೆ ಅಕ್ಕನ ಮನೆಗೆ ಬರುತ್ತಿದ್ದ. ಬಟ್ಟೆ ಕತ್ತರಿಸುವ ಮೇಜು ಪಾಠಕ್ಕೆ ಹೋದದ್ದರಿಂದ ತಟ್ಟೆ ಹಿಡಿದು ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಎಷ್ಟು ತೊಳೆದರೂ ಉಗುರಿನ ಅಂಚಿನಲ್ಲಿ ಗ್ರೀಸಿನ ಕಪ್ಪು ಗೆರೆ. ಬಾಯಿಗೆ ಮಾತ್ರ ಬ್ರೇಕೇ ಇರಲಿಲ್ಲ.

"ಪಟಾಕಿ, ನೋಡು, ನಿಮ್ಮ ಟೀಚರ್ ನಗೋವಾಗ ಎಡಗಡೆ ಕೆನ್ನೆ ಮೊದಲು ನಗುತ್ತೆ, ಬಲಗಡೆ ಆಮೇಲೆ. ಹಳೇ ಲಿಫ್ಟಿನ ಬಾಗಿಲ ಥರ."

ಅವತ್ತು ಟೀಚರ್ ಮನೆಗೆ ಹೋದವಳೇ ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದಳು. ಹೌದು, ಎಡಗಡೆಯೇ ಮೊದಲು. ಮೂವತ್ತೊಂದು ವರ್ಷದಲ್ಲಿ ಯಾರೂ ಹೇಳದಿದ್ದ ಸಂಗತಿ.

ಅಲ್ಲಿಂದ ಅವಳಿಗೆ ಕುತೂಹಲದ ಹುಳ ಹೊಕ್ಕಿತು. ಇವನು ಇನ್ನೇನೇನು ನೋಡಿರಬಹುದು? ಗಂಟೆ ಒಂದೂವರೆಯಾಗುತ್ತಲೇ ಕಿವಿ ಮೆಟ್ಟಿಲ ಕಡೆ ಹೋಗುವುದು ಯಾಕೆ? ಇವನು ಯಾವಾಗಲೂ ಎರಡೆರಡು ಮೆಟ್ಟಿಲು ಹತ್ತಿ ಬಂದು, ಕೊನೆಯ ಮೆಟ್ಟಿಲಲ್ಲಿ ಮಾತ್ರ ಒಂದು ಗಳಿಗೆ ನಿಲ್ಲುವುದು ಯಾಕೆ? ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗೊತ್ತಾದರೆ ಇವನ ಮುಖ ಹೇಗಾಗಬಹುದು?

ಬರಬರುತ್ತಾ ಅವನು ಮಕ್ಕಳನ್ನು ಬಿಟ್ಟು ನೇರ ಅವಳೊಡನೆಯೇ ಮಾತಾಡತೊಡಗಿದ. ಬಾವಿಗೆ ಬಗ್ಗಿ ಮಾತಾಡುವವರ ಹಾಗೆ, ಉತ್ತರದ ಹಂಗಿಲ್ಲದೆ.

"ಹದಿನಾಲ್ಕನೇ ಮಹಡಿ ಅಜ್ಜಿ ಇವತ್ತು ಲಿಫ್ಟ್ ಕೆಡದೇನೇ ಕರೆಸಿದ್ರು ಟೀಚರ್. ಯಾಕೆ ಹೇಳಿ? ಮಾತಾಡೋಕೆ. ನಿಮಗೆ ಮಾತಾಡೋಕೆ ಯಾರಿದಾರೆ? ಯಾರೂ ಇಲ್ವಾ? ಇದಾರಾ? ಹೋಗ್ಲಿ, ಹೇಳ್ಬೇಡಿ."

ನಾಲಿಗೆಯ ತುದಿಗೆ ಬಂದ ಉತ್ತರವನ್ನು ನುಂಗಿ ಅವಳು ಚುಕ್ಕಿಗೆ ದಾರ ತೋರಿಸಿ ಅದರ ಹೆಸರು ಹೇಳಿದಳು.

ಒಂಬತ್ತನೆಯ ವಾರ ಕಣ್ಣಾಮುಚ್ಚಾಲೆ. ಪಟಾಕಿ ಎಲ್ಲೋ ಅಡಗಿದ್ದ. ಚುಕ್ಕಿ ಪಕ್ಕದ ಕೋಣೆಯಲ್ಲಿ ಗೋಡೆಗೆ ಮುಖ ಒತ್ತಿ ಐವತ್ತರವರೆಗೆ ಎಣಿಸಬೇಕು. ಬಾಗಿಲು ತೆರೆದೇ ಇತ್ತು. ಆ ಪುಟ್ಟ ಧ್ವನಿ ಒಂದೊಂದೇ ಸಂಖ್ಯೆಗೂ ಧೈರ್ಯ ತುಂಬಿಕೊಂಡು ಮನೆಯೆಲ್ಲ ಕೇಳುವಂತೆ ಏರುತ್ತಿತ್ತು.

ಅವನು ತಟ್ಟೆ ಕೆಳಗಿಟ್ಟ.

"ಟೀಚರ್, ಒಂದು ಮಾತು. ನಿಮಗೆ ತಿಳಿಯಲ್ಲ, ಅದಕ್ಕೇ ಹೇಳ್ತೀನಿ. ತಿಳಿಯೋದಾಗಿದ್ರೆ ನನ್ನ ಕೈಲಿ ಆಗ್ತಿರ್ಲಿಲ್ಲ."

ಏನೆಂದು ಟೀಚರ್‌ಗೆ ಗೊತ್ತಾಗಿಹೋಯಿತು. ಆ ಮಾತು ಬೇಕಿತ್ತು. ಎಷ್ಟು ದಿನದಿಂದಲೋ ಬೇಕಿತ್ತು. ಆದರೆ ಹೀಗೆ ಸಿಕ್ಕಿದರೆ ಅದು ಕದ್ದ ಮಾಲು. ಬಾಯಿಬಿಟ್ಟು ನಿಲ್ಲಿಸೋಣವೆಂದರೆ ಗೋಡೆಯಾಚೆ ಚುಕ್ಕಿ ಎಣಿಸುತ್ತಿದ್ದಾಳೆ. ತ್ರೇಯಿಂತಾ. ಮೂವತ್ತು.

"ಬೆಳಿಗ್ಗೆ ಕೆಲಸಕ್ಕೆ ಇಳಿಯೋವಾಗ್ಲೇ ಮಧ್ಯಾಹ್ನ ಆಗ್ಲಿ ಅನ್ಸುತ್ತೆ. ಯಾಕಂದ್ರೆ ನಾನು ನಿಮ್ಮನ್ನ..."

ಮೇಜಿನ ಮೇಲೆ ಕತ್ತರಿಸಲು ಹರವಿದ್ದ ಕಪ್ಪು ಬಟ್ಟೆ ಇತ್ತು. ಅವಳು ಕೈ ಅಡ್ಡ ಹಿಡಿದು ಅವನನ್ನು ತಡೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಂಡು ಅದರ ಮೇಲೆ ಬರೆದಳು, ಮನೆಮಾತಿನಲ್ಲಿ, ದೊಡ್ಡದಾಗಿ:

'ನಿಮ್ಮ ಮಾತೆಲ್ಲ ನನಗೆ ತಿಳಿಯುತ್ತೆ. ಮೊದಲಿನಿಂದಲೂ. ಮುಂದಿನದು ಈಗ ಹೇಳಬೇಡಿ.'

ಅವನು ಓದಿದ. ಮತ್ತೊಮ್ಮೆ ಓದಿದ. ಕತ್ತಿನಿಂದ ಏರಿದ ಕೆಂಪು ಕಿವಿಯವರೆಗೂ ಹೋಯಿತು. ಹೆಲ್ಮೆಟ್ಟು ಎತ್ತಿಕೊಂಡು, ಚಪ್ಪಲಿ ಅರ್ಧ ಮೆಟ್ಟಿ, ಇಳಿದುಹೋದ. ಅವಳು ಅಂಗೈಯಿಂದ ಬಟ್ಟೆ ಒರೆಸಿ ಮುಗಿಸುವಷ್ಟರಲ್ಲಿ ಪಕ್ಕದ ಕೋಣೆಯಿಂದ ಗೆದ್ದ ಕೂಗು ಬಂತು. ಸಿಂಕ್ವೆಂತಾ. ಐವತ್ತು.

ಹನ್ನೆರಡು ದಿನ ಕಿಟಕಿಯ ಕಟ್ಟೆ ಖಾಲಿ ಇತ್ತು.

"ಮಹಾರಾಯ ಲಿಫ್ಟಿನ ಮಷೀನ್ ರೂಮಲ್ಲಿ ಕೂತು ಒಣ ಬ್ರೆಡ್ಡು ತಿಂತಿದಾನಂತೆ," ಎಂದಳು ಅಮ್ಮ, ಮಕ್ಕಳಿಗೆ ಕೇಳದಂತೆ ಹಿತ್ತಲ ಬಾಗಿಲಲ್ಲಿ. "ಅವನಿಗೆ ಮೊದಲೇ ಹೇಳಬೇಕಿತ್ತು ನಾನು. ಏನು ಮಾಡೋದು, ಅವನ ಬಾಯಲ್ಲಿ ಗುಟ್ಟು ನಿಂತ್ರೆ ಜರಡೀಲಿ ನೀರು ನಿಲ್ಲುತ್ತೆ. ಏನಂದ ನಿನಗೆ?"

"ಏನೂ ಅನ್ನಲಿಲ್ಲ. ಅನ್ನೋಕೆ ಬಿಡಲಿಲ್ಲ."

ಅಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಅಳತೆ ತೆಗೆಯುವವಳ ಹಾಗೆ. "ಅಯ್ಯೋ ನನ್ನಮ್ಮ, ನೀನೂನಾ?"

ಹದಿಮೂರನೆಯ ದಿನ ಪಾಠ ಮುಗಿಸಿ ಹೊರಬಂದರೆ ಅವನು ಮೆಟ್ಟಿಲಲ್ಲಿ ಕೂತಿದ್ದ. ಅವಳು ಬೆನ್ನ ಹಿಂದಿನ ಬಾಗಿಲನ್ನು ಎಳೆದುಕೊಂಡಳು. ಚಿಲಕ ಸೇರಿತೋ ಇಲ್ಲವೋ ನೋಡಲಿಲ್ಲ.

"ಒಂಬತ್ತು ವಾರ," ಎಂದ ಅವನು, ತಲೆ ಎತ್ತದೆ. "ಚೆನ್ನಾಗಿತ್ತಾ ನಾಟಕ?"

"ಮಗುಗೋಸ್ಕರ ಹಾಗಿದ್ದೆ. ಮಗುಗೋಸ್ಕರ ಅಷ್ಟೇ ಅಂತ ಹೇಳಿದ್ರೆ ಸುಳ್ಳಾಗುತ್ತೆ. ನೀವು ಬರೋ ಹೊತ್ತಿಗೆ ಪಾಠ ನಿಲ್ಲಿಸಿ ಹೋಗಬಹುದಿತ್ತು. ಹೋಗಲಿಲ್ಲ. ಕೇಳೋ ಆಸೆಗೆ ಕೂತೆ. ಅದು ನನ್ನ ತಪ್ಪು."

ಅವನು ಉಗುರಿನ ಕಪ್ಪು ಕೆರೆಯತೊಡಗಿದ.

"ಲಿಫ್ಟಲ್ಲಿ ನಾನು ನಿಂತಿರ್ತೀನಿ, ಸ್ಪ್ಯಾನರ್ ಹಿಡ್ಕೊಂಡು. ಸೂಟು ಬೂಟಿನವರು ಬರ್ತಾರೆ. ಇಂಗ್ಲಿಷಲ್ಲಿ ಮಾತಾಡ್ತಾರೆ. ಯಾರನ್ನ ಕೆಲಸದಿಂದ ತೆಗೀಬೇಕು, ಹೆಂಡತಿಗೆ ಏನು ಸುಳ್ಳು ಹೇಳಬೇಕು, ಎಲ್ಲ. ಇವನಿಗೇನು ತಿಳಿಯುತ್ತೆ, ಇವನೂ ಒಂದು ಕಬ್ಬಿಣ ಅಂತ. ನನಗೆಲ್ಲ ತಿಳಿಯುತ್ತೆ. ಹನ್ನೊಂದು ವರ್ಷದಿಂದ ತಿಳಿಯದವನ ಹಾಗೆ ನಿಂತಿದೀನಿ. ಅವರು ಮಾತಾಡ್ತಾ ಮಾತಾಡ್ತಾ ನನ್ನ ಕಣ್ಣಲ್ಲಿ ಚಿಕ್ಕವರಾಗ್ತಾ ಹೋಗ್ತಾರೆ. ಇಳಿಯೋ ಹೊತ್ತಿಗೆ ಇಷ್ಟೇ ಇಷ್ಟು."

ಬೆರಳುಗಳ ನಡುವೆ ಒಂದು ಕಡಲೆಕಾಳಿನಷ್ಟು ಜಾಗ ತೋರಿಸಿದ.

"ಈ ಹನ್ನೆರಡು ದಿನ ಅದೇ ಯೋಚನೆ. ನಿಮ್ಮ ಕಣ್ಣಲ್ಲಿ ನಾನೆಷ್ಟು ಉಳಿದಿದೀನಿ?"

ಅಲ್ಲ, ಹಾಗಿಲ್ಲ ಎಂದುಬಿಟ್ಟರೆ ಸಾಕೇ? ಹನ್ನೊಂದು ವರ್ಷದಲ್ಲಿ ಅಷ್ಟೊಂದು ಸುಳ್ಳು ಕೇಳಿಸಿಕೊಂಡವನು ಅಂಥ ಸಮಾಧಾನದ ಮಾತನ್ನು ನಂಬುತ್ತಾನೆಯೇ? ಟೀಚರ್ ಮೆಟ್ಟಿಲಿಳಿದು ಅವನ ಎದುರಿಗೆ ನಿಂತಳು.

"ಲೆಕ್ಕ ಸಮ ಮಾಡೋಣ. ಈಗ ನಿಮಗೆ ಮಾತು ಬರಲ್ಲ. ಒಂದಕ್ಷರ ತಿಳಿಯಲ್ಲ. ನಗಬಾರದು, ಉತ್ತರ ಕೊಡಬಾರದು. ನಾನು ಹೇಳ್ತಾ ಹೋಗ್ತೀನಿ."

"ಎಷ್ಟು ಹೊತ್ತು?"

"ತಿಳಿಯದವರು ಹಾಗೆಲ್ಲ ಕೇಳಲ್ಲ."

ಅವನು ಬಾಯಿ ಮುಚ್ಚಿ, ಪಿಳಿಪಿಳಿ ಕಣ್ಣು ಬಿಟ್ಟ. ಎಷ್ಟು ಕೆಟ್ಟ ನಟನೆ ಎಂದರೆ ಅವಳೇ ನಗು ತಡೆಯಬೇಕಾಯಿತು.

"ಈ ಮನುಷ್ಯ ಇದಾನಲ್ಲ," ಎಂದಳು ಗೋಡೆಗೆ ಹೇಳುವವಳ ಹಾಗೆ, "ಕಿವಿ ಸ್ವಲ್ಪ ದೊಡ್ಡದು. ಅಂಗಿಯ ಎರಡನೇ ಗುಂಡಿಗೆ ಬೇರೆ ಬಣ್ಣದ ದಾರ. ಅಕ್ಕ ಟೈಲರ್ ಆಗಿದ್ರೂ ತಾನೇ ಹೊಲ್ಕೋತಾನೆ. ಒಂಟಿ ಅಜ್ಜಿ ಸುಳ್ಳುಸುಳ್ಳೇ ಕರೆದ್ರೂ ಹದಿನಾಲ್ಕನೇ ಮಹಡಿಗೆ ಹೋಗ್ತಾನೆ. ನನ್ನ ಅರ್ಧ ನಗು ಕಂಡುಹಿಡಿದವನು ಇವನೇ. ಒಂದೂವರೆಗೆ ಮೆಟ್ಟಿಲ ಸದ್ದು ಕೇಳದ ಹನ್ನೆರಡು ದಿನ ನಾನು ಸಂಖ್ಯೆ ತಪ್ಪಾಗಿ ಹೇಳಿಕೊಟ್ಟೆ. ಪಟಾಕಿ ತಿದ್ದಿದ. ಮೊದಲು ಮಾತಿಗೋಸ್ಕರ ಕೇಳ್ತಿದ್ದೆ. ಈಗ ಮಾತಿಲ್ಲದೇ ಇದ್ರೂ ಇವನು ಆ ಕಿಟಕೀಲಿ ಕೂತಿರಬೇಕು ಅನ್ಸುತ್ತೆ. ನನ್ನ ಕಣ್ಣಲ್ಲಿ ಇವನು ಚಿಕ್ಕವನಾಗಲಿಲ್ಲ. ಜಾಗ ಸಾಲದೆ ನಾನು ಒದ್ದಾಡ್ತಿದೀನಿ. ನನಗೆ ಇವನು ಇಷ್ಟ. ತುಂಬಾ ಇಷ್ಟ. ಇದನ್ನ ಇವನಿಗೆ ಹೇಗೆ ಹೇಳಲಿ ಅಂತ..."

ತಿಳಿಯದವನ ಕಣ್ಣಲ್ಲಿ ನೀರಿತ್ತು. ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿ, ಒಂದು ಸಾಲದೆಂದು ಎರಡೂ ಕೈ ಒರೆಸಿ, ಅವಳ ಬೆರಳು ಹಿಡಿದ.

"ಉತ್ತರ ಕೊಡಬಾರದು ಅಂದ್ರಿ," ಎಂದ. "ಹಿಡ್ಕೋಬಾರದು ಅನ್ನಲಿಲ್ಲ."

ಆಗ ಮೇಲೆ ಬಾಗಿಲು ಕಿರ್ರೆಂದಿತು.

ಬಾಗಿಲ ಸಂದಿಯಲ್ಲಿ ಚುಕ್ಕಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಎಲ್ಲ ಕೇಳಿಸಿಕೊಂಡಿದ್ದಾಳೆಂದು ಮುಖವೇ ಹೇಳುತ್ತಿತ್ತು. ಇಷ್ಟು ವಾರ ಕಾಪಾಡಿದ್ದು, ಒಂದು ಪದದಿಂದ ಐವತ್ತರವರೆಗೆ ಬೆಳೆದದ್ದು, ಎಲ್ಲವನ್ನೂ ತನ್ನ ಸುಖಕ್ಕಾಗಿ ಒಂದು ಗಳಿಗೆಯಲ್ಲಿ ಮುರಿದುಬಿಟ್ಟೆ ಎನಿಸಿತು ಟೀಚರ್‌ಗೆ. ಮಗು ಈಗ ಬಾಗಿಲು ಹಾಕಿಕೊಂಡರೆ ಮತ್ತೆ ತೆರೆಯುವ ಭಾಷೆ ಅವಳ ಬಳಿ ಇರಲಿಲ್ಲ.

ಚುಕ್ಕಿ ಟೀಚರನ್ನು ನೋಡಿದಳು. ಹಿಡಿದ ಕೈಗಳನ್ನು ನೋಡಿದಳು. ಬಹಳ ಯೋಚಿಸಿದಳು. ಆಮೇಲೆ ಮಾವನ ಕಡೆ ತಿರುಗಿ, ಪಿಸುಗುಡದೆ, ಇಡೀ ಮೆಟ್ಟಿಲ ಸಾಲಿಗೆ ಕೇಳುವಷ್ಟು ಸ್ಪಷ್ಟವಾಗಿ, ಮನೆಮಾತಿನಲ್ಲಿ ಹೇಳಿದಳು:

"ಮಾವ, ನಮ್ಮ ಟೀಚರ್‌ಗೆ ನಮ್ಮ ಮಾತು ಬರಲ್ಲ. ನೀನು ನಮ್ಮ ಜೊತೆ ಕೂತು ಅವರ ಮಾತು ಕಲಿ."