ಮೊದಲನೇ ‘ಬೇಡ’

ಮಾರೆನ್ ನಿನ್ನೆಯ ಬ್ಯಾಕಪ್ ಟೇಪನ್ನು ಯಂತ್ರದಿಂದ ಹೊರಗೆಳೆದು ಚೀಟಿ ಅಂಟಿಸುತ್ತಿದ್ದಳು. ಅಷ್ಟರಲ್ಲಿ ಅರ್ತೂರೊನ ಮೇಜಿನಿಂದ ನಗು ಕೇಳಿಸಿತು.

ಹೆಣ್ಣಿನ ನಗು! ಸ್ಪೀಕರಿಗೆ ಹಾಕಿದ ಫೋನಿನಿಂದ...

“ಅಯ್ಯೋ ಅರ್ತೂರೊ, ಮತ್ತೆ ಅರ್ಥವಿಲ್ಲದ ಅಕ್ಷರಗಳ ಕಸಾನೇ ಬಂತು ಕಣ್ರೀ! ನಿಮ್ಮ ಯಂತ್ರ ನನ್ನ ಬೈತಿದೆಯೋ ಮುದ್ದು ಮಾಡ್ತಿದೆಯೋ ಗೊತ್ತಾಗ್ತಿಲ್ಲ.”

“ಮುದ್ದೇ ಇರಬೇಕು, ಪೈಪರ್. ಇನ್ನೊಂದು ಸಲ ಕಳಿಸ್ಲಾ?”

“ಕಳಿಸಿ, ಕಳಿಸಿ. ನನಗೇನು ಬೇರೆ ಕೆಲಸ ಇದೆಯಾ?”

ಚೀಟಿ ಸೊಟ್ಟಗೆ ಅಂಟಿತು.

ಪೈಪರ್! ಯಾರಿವಳು? ಇಷ್ಟು ಸಲುಗೆ ಎಲ್ಲಿಂದ ಬಂತು?

ಯಾರೆಂದು ಸಂಜೆಯೊಳಗೆ ತಿಳಿಯಿತು. ಲಾರಿ ಕಂಪನಿಯ ವೆಬ್‌ಸೈಟ್ ನೋಡಿಕೊಳ್ಳುವವಳು. ಮಿನೆಸೋಟದ ಈ ಬೀಜದ ಸಗಟು ಅಂಗಡಿಯಲ್ಲಿ ಲಾರಿ ಬೇಕೆಂದರೆ ಇದುವರೆಗೆ ಫ್ಯಾಕ್ಸ್ ಮಾಡುತ್ತಿದ್ದರು. ಇನ್ನು ಮುಂದೆ ಅಂಗಡಿಯ ಹಳೆಯ ಕಂಪ್ಯೂಟರೇ ಅವರ ವೆಬ್ ಫಾರ್ಮನ್ನು ತುಂಬಿ ಕಳಿಸಬೇಕು. ಆ ಕಂಪ್ಯೂಟರೋ, ಮೇಜಿನ ಮೇಲೆ ಕೂರುವಷ್ಟು ಚಿಕ್ಕದಲ್ಲ, ಕೋಣೆ ತುಂಬುವಷ್ಟು ದೊಡ್ಡದೂ ಅಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ಮಾರೆನ್ ಹರೆಯದಿಂದ ಸಾಕಿಕೊಂಡು ಬಂದದ್ದು. ವೆಬ್ಬಿನ ಕೆಲಸಕ್ಕೆಂದು ಟೆಕ್ಸಾಸಿನಿಂದ ಗುತ್ತಿಗೆಯ ಮೇಲೆ ಬಂದವನು ಅರ್ತೂರೊ.

ಬಂದ ಹೊಸದರಲ್ಲಿ, ನದಿ ಹೆಪ್ಪುಗಟ್ಟುವ ಮುಂಚೆ, ಅವನು ಕಾಫಿ ಲೋಟ ಹಿಡಿದುಕೊಂಡು ಕೇಳಿದ್ದ.

“ಶುಕ್ರವಾರ ಮೀನಿನೂಟಕ್ಕೆ ನನ್ನ ಜೊತೆ ಬರ್ತೀರಾ?”

“ಅಯ್ಯೋ, ಬೇಡಪ್ಪ! ನಿಮಗ್ಯಾಕೆ ತೊಂದರೆ?”

ಎದೆ ಹೌದು ಹೌದು ಎಂದು ಬಡಿದುಕೊಳ್ಳುತ್ತಿತ್ತು. ಆದರೆ ಆ ಊರಿನಲ್ಲಿ ಒಂದು ತುಂಡು ಕೇಕನ್ನೂ ಮೊದಲನೇ ಸಲಕ್ಕೆ ಯಾರೂ ಮುಟ್ಟುವುದಿಲ್ಲ. ಬೇಡ ಅನ್ನಬೇಕು, ಇರಲಿ ಬಿಡಿ ಅನ್ನಬೇಕು, ಮೂರನೇ ಸಲ ಕೇಳಿದಾಗ “ಹಾಗಾದ್ರೆ ಚೂರೇ ಚೂರು” ಎಂದು ಕೈಚಾಚಬೇಕು. ಅದು ಮರ್ಯಾದೆ.

ಅರ್ತೂರೊ ತಲೆಯಾಡಿಸಿ ಹೊರಟುಹೋದ. ಮತ್ತೆ ಕೇಳಲೇ ಇಲ್ಲ!

‘ಬಾಯಿಮಾತಿಗೆ ಕರೆದಿದ್ದ ಅಷ್ಟೇ,’ ಎಂದುಕೊಂಡಳು ಮಾರೆನ್. ಚಳಿಗಾಲ ಪೂರ್ತಿ ಅವನಿಗೊಂದು ಪತ್ರವನ್ನು ಮನಸ್ಸಿನಲ್ಲೇ ಬರೆದಳು, ಅಳಿಸಿದಳು. ಕಳಿಸಲಿಲ್ಲ.

ಈಗ ಈ ನಗು...

ಹೊಟ್ಟೆ ಉರಿಯುವುದಕ್ಕೆ ಇನ್ನೊಂದು ಕಾರಣವಿತ್ತು. ಆ ಕಸ ಯಾಕೆ ಹೋಗುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಈ ಯಂತ್ರದೊಳಗೆ ಒಂದೊಂದು ಅಕ್ಷರಕ್ಕೂ ಅದರದೇ ಅಂಕಿ. ಹೊರಗಿನ ಲೋಕದ ಅಂಕಿಗಳೇ ಬೇರೆ. ಕಳಿಸುವ ಮುನ್ನ ಬದಲಿಸಿಕೊಡಬೇಕು. ಬ್ಯಾಂಕಿನ ಕೆಲಸಕ್ಕೆಂದು ಅವಳೇ ಎಂದೋ ಬರೆದಿಟ್ಟ ಪ್ರೋಗ್ರಾಮ್ ಇತ್ತು. ಅದನ್ನು ನಡುವೆ ಸೇರಿಸಿದರೆ ಮುಗಿಯಿತು.

ಹೇಳಿದರೆ ಕೆಲಸ ಮುಗಿಯುತ್ತದೆ, ಅವನು ಟೆಕ್ಸಾಸಿಗೆ ಹೊರಡುತ್ತಾನೆ. ಹೇಳದಿದ್ದರೆ... ದಿನವಿಡೀ ಆ ಪೈಪರ್!

ಹೇಳಲಿಲ್ಲ. ಹಲ್ಲು ಕಚ್ಚಿಕೊಂಡು ಆ ನಗುವನ್ನು ಕೇಳುತ್ತಾ ಕೂತಳು. ಕಳಿಸಿದ್ದು ಕೆಟ್ಟಷ್ಟೂ ಅವರಿಬ್ಬರ ಮಾತು ಬೆಳೆಯಿತು. ಇವಳ ಮೌನದ ಬೆಂಕಿಗೆ ಇವಳೇ ಬೆಂದಳು.

ಬಿತ್ತನೆ ಹತ್ತಿರ ಬಂತು. ಯಜಮಾನ ಓರ್ವಿಲ್ ಬಾಗಿಲಲ್ಲಿ ನಿಂತು ಗುಡುಗಿದ. “ಏನಯ್ಯಾ ಅರ್ತೂರೊ, ರೈತರು ಬಾಗಿಲಿಗೆ ಬಂದ್ರೆ ನಿನ್ನ ಕಸ ತೋರಿಸ್ಲಾ? ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ಕರೆಸ್ತೀನಿ. ಬಾ ಒಳಗೆ.”

ಅವನು ತಲೆತಗ್ಗಿಸಿ ಹೋದ. ಮಾರೆನ್ ಅವನ ಖಾಲಿ ಕುರ್ಚಿಯನ್ನೇ ನೋಡಿದಳು. ‘ನನ್ನ ಹೊಟ್ಟೆಕಿಚ್ಚಿಗೆ ಅವನ ಮಾನ ಹೋಗಬೇಕೇ?’

ಆಗಲೇ ಅವನ ಫೋನು ಹೊಡೆದುಕೊಂಡಿತು. ಎತ್ತಿದಳು.

“ಅವರಿಲ್ಲ. ಏನಾಗಬೇಕಿತ್ತು?” ದನಿಯಲ್ಲಿ ಮಂಜುಗಡ್ಡೆ.

“ನೀವೇನಾ ಮಾರೆನ್? ಅಬ್ಬಾ, ಅಂತೂ ಸಿಕ್ಕಿದ್ರಿ! ನಿಮ್ಮ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ ಕಣ್ರೀ.”

“ನನ್ನ... ಪುರಾಣಾನಾ?”

“ಮತ್ತಿನ್ಯಾರದು? ನಿಜ ಹೇಳ್ತೀನಿ, ನಾನೇ ಅವರನ್ನ ಊಟಕ್ಕೆ ಕರೆದೆ. ‘ಒಬ್ಬರನ್ನ ಕೇಳಿದ್ದೆ, ಬೇಡ ಅಂದ್ರು. ಆದ್ರೂ ಮನಸ್ಸು ಅಲ್ಲೇ ಕೂತಿದೆ’ ಅಂದುಬಿಟ್ರು! ಎಷ್ಟು ಸಲ ಬೇಡ ಅಂದ್ರಿ ಪಾಪ ಅವರಿಗೆ?”

“ಒಂದೇ ಸಲ.”

“ಒಂದೇ ಸಲಾನಾ? ನಮ್ಮ ಕಡೆ ಅದು ಬೇಡ ಹೇಗಾಗುತ್ತೆ!”

“ಅಲ್ವಾ? ಆದ್ರೆ ಅವರು... ಅವರು ಟೆಕ್ಸಾಸಿನವರು...”

ಆ ಮಾತು ಬಾಯಿಂದ ಹೊರಬಿದ್ದಾಗಲೇ ಅವಳಿಗೆ ಎಲ್ಲ ಹೊಳೆಯಿತು. ದೇವರೇ! ಅವನ ಊರಿನಲ್ಲಿ ಬೇಡ ಅಂದರೆ ಬೇಡ!

ಅರ್ತೂರೊ ಮರಳಿ ಬರುವಷ್ಟರಲ್ಲಿ ಅವಳು ತನ್ನ ಹಳೆಯ ಪ್ರೋಗ್ರಾಮನ್ನು ಅವನದರ ನಡುವೆ ಸೇರಿಸಿಯಾಗಿತ್ತು. ಫಾರ್ಮಿನ ‘ವಿಶೇಷ ಸೂಚನೆ’ ಎಂಬ ಜಾಗದಲ್ಲಿ ಹಸಿರು ಅಕ್ಷರಗಳು ಒಂದೊಂದಾಗಿ ಮೂಡುತ್ತಿದ್ದವು. ಅವನು ಬಂದು ಬೆನ್ನ ಹಿಂದೆ ನಿಂತ.

‘ಅರ್ತೂರೊ, ಅವತ್ತು ಬೇಡ ಅಂದೆ. ನಮ್ಮೂರಲ್ಲಿ ಮೊದಲನೇ ಬೇಡಕ್ಕೆ ಅರ್ಥವಿಲ್ಲ. ಮತ್ತೆ ಕೇಳ್ತೀರ ಅಂತ ಚಳಿಗಾಲವಿಡೀ ಕಾದೆ. ಆ ಹುಡುಗಿ ನಕ್ಕಾಗಲೆಲ್ಲ ಹೊಟ್ಟೆ ಉರೀತು. ಕಸ ಯಾಕೆ ಹೋಗ್ತಿದೆ ಅಂತ ಗೊತ್ತಿದ್ದೂ ಹೇಳಲಿಲ್ಲ. ತಪ್ಪಾಯ್ತು. ಹೋಗಬೇಡಿ.’

ಅವನು ಬಗ್ಗಿ ಕೊನೆಯ ಸಾಲಿನವರೆಗೂ ಓದಿದ. ಅವಳಿಗೆ ತಿರುಗಿ ನೋಡುವ ಧೈರ್ಯವಿಲ್ಲ.

“ಗೊತ್ತಿದ್ದೂ ಸುಮ್ನಿದ್ರಾ?” ಎಂದ ಅವನು. “ಓರ್ವಿಲ್ ಕೈಲಿ ಅಷ್ಟೆಲ್ಲ ಅನ್ನಿಸ್ಕೊಂಡೆ ನಾನು!”

“ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ.”

“ಬೈತೀನಿ, ಬಿಡ್ತೀನಾ? ಆದ್ರೆ ಊಟ ಮಾಡ್ತಾ ಬೈತೀನಿ.” ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. “ಶುಕ್ರವಾರ ಬರ್ತೀಯಾ ಮಾರೆ...”

“ಬರ್ತೀನಿ!”

ಹೆಸರು ಮುಗಿಯುವುದಕ್ಕೂ ಅವಳು ಬಿಡಲಿಲ್ಲ. ಅವಳ ಅಜ್ಜಿಯರು ಕೇಳಿದ್ದರೆ ಮರ್ಯಾದೆಗೆಟ್ಟವಳು ಎನ್ನುತ್ತಿದ್ದರು.

ಅವನು ಕಣ್ಣೊರೆಸಿಕೊಂಡು ನಕ್ಕ. “ಸರಿ, ಇದನ್ನ ಅಳಿಸು. ನಾನು ಓದಿಯಾಯ್ತಲ್ಲ. ಕಳಿಸಿದ್ರೆ ಪೈಪರ್ ಕೈಗೆ ಹೋಗುತ್ತೆ!”

“ಹೋಗಲಿ,” ಎಂದಳು ಮಾರೆನ್. “ಒಂದಕ್ಷರಾನೂ ಕಸ ಆಗದೆ ಹೋಗಲಿ.”

ಎಂಟರ್ ಒತ್ತಿದಳು.