ಏರಿದ ಶ್ರುತಿ

“ಇದು ಅವರ ದನಿಯಲ್ಲ!”

ಸ್ಟುಡಿಯೋದ ಸ್ಪೀಕರಿನಲ್ಲಿ ಹಾಡಿನ ಎರಡು ಸಾಲೂ ಮುಗಿದಿರಲಿಲ್ಲ. ಗಾಯಕನ ಹೆಂಡತಿ ಕುರ್ಚಿಯಿಂದ ಎದ್ದುಬಿಟ್ಟರು. ತೀರಿಹೋದ ಗಂಡನ ದನಿ ಉಳಿದಿದ್ದು ಒಂದೇ ಒಂದು ಟೇಪಿನಲ್ಲಿ. ಕಂಪ್ಯೂಟರಿಗೆ ಇಳಿಸಿಕೊಂಡ ದಿನವೇ ಆ ಸವೆದ ಟೇಪು ಮತ್ತೆ ಜೋಡಿಸಲಾಗದಂತೆ ತುಂಡುತುಂಡಾಗಿತ್ತು. ಈಗ ಕೇಳಿದರೆ — ಆ ತುಂಬುಗಂಠ ಎಲ್ಲಿ? ಯಾರೋ ಎಳೆಯರು ಮೂಗಿನಲ್ಲಿ ಹಾಡಿದ ಹಾಗಿತ್ತು. ಮೂಲ ಫೈಲಿನ ಮೇಲೆಯೇ ಯಾರೋ ಬದಲಾವಣೆ ಮಾಡಿ ಸೇವ್ ಮಾಡಿದ್ದರು. ಬೇರೆ ಪ್ರತಿ ಇರಲಿಲ್ಲ.

ಸ್ಟುಡಿಯೋದ ಎಡಿಟರ್ ತನ್ನ ಗುರುವನ್ನು ಕರೆಸಿದ. ನಲವತ್ತು ವರ್ಷ ಧ್ವನಿಮುದ್ರಣ ಮಾಡಿ ನಿವೃತ್ತರಾದ ಅವರನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿ ಮೇಷ್ಟ್ರು ಎಂದೇ.

“ನಿನ್ನೆ ಈ ಕಂಪ್ಯೂಟರ್ ಮುಂದೆ ಯಾರ್ಯಾರು ಕೂತಿದ್ರಿ?”

“ನಾನು,” ಎಂದ ಎಡಿಟರ್. “ಆಮೇಲೆ ಇವರ ಮೈದುನ. ಕೊನೆಗೆ ಇವರ ಮಗಳು.”

ಅತ್ತಿಗೆಯ ಕಣ್ಣು ಮೈದುನನ ಮೇಲೆ ನೆಟ್ಟಿತು. “ನೀನೇ ಅಲ್ವಾ ಹೇಳ್ತಿದ್ದಿದ್ದು? ಹಾಡು ತೀರಾ ನಿಧಾನ, ಸ್ವಲ್ಪ ಓಡಿಸಿದ್ರೆ ಜನ ಕೇಳ್ತಾರೆ ಅಂತ?”

“ಹೇಳಿದ್ದೆ ಅತ್ತಿಗೆ. ಆದ್ರೆ ಮುಟ್ಟಿಲ್ಲ. ನಮ್ಮಣ್ಣನ ಹಾಡು ಅದು!”

ಮೇಷ್ಟ್ರು ಹೆಡ್‌ಫೋನ್ ಹಾಕಿಕೊಂಡರು. ಕಣ್ಣು ಕೈಗಡಿಯಾರದ ಮೇಲೆ. ಮೂರು ಸಲ ಕೇಳಿದರು.

“ಹಿಂದೆ ಟಿಕ್ ಟಿಕ್ ಅಂತಿದೆಯಲ್ಲ, ಏನದು?”

“ನಮ್ಮನೆ ಗೋಡೆ ಗಡಿಯಾರ,” ಎಂದರು ಗಾಯಕನ ಹೆಂಡತಿ. “ ಅದರ ಕೆಳಗೇ ಕೂತು ಹಾಡ್ತಿದ್ರು.”

“ಸೆಕೆಂಡಿಗೊಂದು ಸಲ ಬಡಿಯೋದಾ?”

“ಹೌದು.”

“ಇಲ್ಲೂ ನಿಮಿಷಕ್ಕೆ ಸರಿಯಾಗಿ ಅರವತ್ತೇ.” ಮೇಷ್ಟ್ರು ಹೆಡ್‌ಫೋನ್ ಕೆಳಗಿಟ್ಟರು. “ವೇಗ ಹೆಚ್ಚಾದ್ರೆ ದನಿ ತೆಳ್ಳಗಾಗುತ್ತೆ, ಅದಕ್ಕೇ ವೇಗ ಹೆಚ್ಚಿಸಿದ್ದಾರೆ ಅಂದ್ಕೊಂಡ್ರಿ. ವೇಗ ಕೂದಲೆಳೆಯಷ್ಟೂ ಬದಲಾಗಿಲ್ಲ. ಏರಿಸಿರೋದು ಶ್ರುತಿ ಮಾತ್ರ! ಹಾಡು ಓಡಬೇಕು ಅನ್ನೋರಿಗೆ ಇದರಿಂದೇನು ಲಾಭ? ಗಂಡಸಿನ ಹಾಡನ್ನ ಹೆಂಗಸಿನ ಶ್ರುತಿಗೆ ತಂದು ಕೂರಿಸಿದ್ದಾರೆ. ಅದರ ಜೊತೆ ಹಾಡಬೇಕು ಅನ್ನೋರಿಗಷ್ಟೇ ಇದು ಬೇಕು.”

ಬಾಗಿಲ ಬಳಿ ನಿಂತಿದ್ದ ಮಗಳ ಕಡೆ ತಿರುಗಿದರು. “ಅಲ್ವೇನಮ್ಮಾ?”

ಅವಳು ಗೋಡೆಗೆ ಒರಗಿದಳು. “ಒಟ್ಟಿಗೆ ಹಾಡೋಣ ಬಾ ಅಂತ ಅಪ್ಪ ಎಷ್ಟು ಸಲ ಕರೆದ್ರು. ಪುರುಸೊತ್ತಿಲ್ಲ ಅಂತಿದ್ದೆ. ನಿನ್ನೆ ಹಾಡೋಣ ಅನ್ನಿಸ್ತು. ಅಷ್ಟು ಕೆಳಗೆ ನನ್ನ ದನಿ ಇಳೀಲಿಲ್ಲ. ಎಡಿಟರ್ ಶ್ರುತಿ ಬದಲಾಯಿಸೋದನ್ನ ನೋಡಿದ್ದೆ, ಏರಿಸ್ದೆ. ಮುಚ್ಚೋವಾಗ ಸೇವ್ ಮಾಡ್ಬೇಕಾ ಅಂತ ಕಂಪ್ಯೂಟರ್ ಕೇಳ್ತು. ಹೂಂ ಅಂತ ಒತ್ತಿಬಿಟ್ಟೆ.”

“ಹಾಡಿದ್ಯಾ?” ತಾಯಿ ಕೇಳಿದರು.

“ಇಲ್ಲಮ್ಮ. ದನಿಯೇ ಹೊರಡ್ಲಿಲ್ಲ.”

ಎಡಿಟರ್ ಏರಿಸಿದಷ್ಟೇ ಶ್ರುತಿಯನ್ನು ಇಳಿಸಿದ. ಗಂಡಸಿನ ದನಿ ಮರಳಿತು — ತಗಡಿನ ಡಬ್ಬದೊಳಗಿಂದ ಬಂದ ಹಾಗೆ. ಎರಡು ಸಲ ಶ್ರುತಿ ತಿರುಚಿದ ದನಿಯನ್ನು ಇದಕ್ಕಿಂತ ಸರಿಮಾಡಲು ಆಗದೆಂದು ಮೇಷ್ಟ್ರು ತಲೆಯಾಡಿಸಿದರು.

ತಾಯಿ ಕೊನೆಯವರೆಗೂ ಕೇಳಿದರು. ಮೈದುನನಿಗೆ, “ನಿನ್ನನ್ನ ಸುಮ್ಮನೆ ಅಂದುಬಿಟ್ಟೆ ಕಣಪ್ಪ,” ಎಂದರು. ಆಮೇಲೆ ಯಾರಿಗೂ ಅಲ್ಲದ ಹಾಗೆ, “ಸಾಲು ಮುಗಿದಾಗ ಒಂದು ಉಸಿರು ತಗೋತಿದ್ರು. ಅದು ಕೇಳಿಸ್ತಾ ಇಲ್ಲ.”

ಮಗಳು ಪಕ್ಕದಲ್ಲಿ ಬಂದು ಕೂತು ಅವರ ಮೊಣಕಾಲ ಮೇಲೆ ಕೈಯಿಟ್ಟಳು. ತಾಯಿ ಆ ಕೈಯನ್ನು ಸರಿಸಲಿಲ್ಲ, ಹಿಡಿಯಲೂ ಇಲ್ಲ.